ಒಂಬೈನೂರರಿಂದ ಶುರುವಾದ ಕಂಬ

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಗೋವೆಯ ಕೊರ್ಲಿಮ್‌ನ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟ್ ಆಗಿದ್ದೆ. ಅಲ್ಲಿ ಡಬ್ಬಿಗಳ ತಗಡಿನ ಮುಚ್ಚಳ ತಯಾರಾಗುತ್ತಿದ್ದವು. ಕಂಪ್ಯೂಟರ್ ಎಂಬುದು ಆಗ ಪಣಜಿಯ ದೊಡ್ಡ ಆಫೀಸುಗಳ ಗಾಜಿನ ಕೋಣೆಯಲ್ಲಿ, ತಂಪು ಗಾಳಿ ಹಾಕಿಸಿಕೊಂಡು, ಹೊಸ ಅಳಿಯನಂತೆ ಕೂತಿರುತ್ತಿತ್ತು. ನನ್ನ ಗೆರೆ ನೆಟ್ಟಗೆ ಬರುತ್ತದೆ ಎಂಬ ಒಂದೇ ಅಪರಾಧಕ್ಕೆ ಚಾರ್ಟ್ ಬರೆಯುವ ಕೆಲಸವೂ ನನ್ನ ಕೊರಳಿಗೆ ಬಿತ್ತು. ಸಂಬಳ ಮಾತ್ರ ಟೈಪಿಸ್ಟಿನದೇ ಉಳಿಯಿತು.

ನಮ್ಮ ಮ್ಯಾನೇಜರ್ ಸಾಹೇಬರು ಬೆಳಗಾವಿ ಕಡೆಯವರು. ಪುಣೆಯಲ್ಲಿ ಯಾವುದೋ ತರಬೇತಿ ಮುಗಿಸಿ ಬಂದಿದ್ದರು. ಕಾಶಿಗೆ ಹೋದವರು ಬದನೆಕಾಯಿಯನ್ನೋ ಹಾಗಲಕಾಯಿಯನ್ನೋ ಬಿಟ್ಟು ಬರುತ್ತಾರೆ; ಇವರು ಪುಣೆಯಲ್ಲಿ ಸೊನ್ನೆಯನ್ನು ಬಿಟ್ಟು ಬಂದಿದ್ದರು. ಬಂದವರೇ ಗೇಟಿನ ಪಕ್ಕ ದೊಡ್ಡ ಹಲಗೆ ಹಾಕಿಸಿದರು. ಎರಡು ಪಾಳಿಯವರು ತಿಂಗಳಿಗೆ ಎಷ್ಟೆಷ್ಟು ಪೆಟ್ಟಿಗೆ ಮುಚ್ಚಳ ತೆಗೆದರು ಎಂಬುದನ್ನು ಅದರ ಮೇಲೆ ಕಂಬಗಳಲ್ಲಿ ತೋರಿಸಬೇಕಿತ್ತು. ಮೊದಲ ಪಾಳಿ ಗೋವೆಯವರದು. ಎರಡನೆಯದು ವಿಜಾಪುರದ ಕಡೆಯ ನಮ್ಮ ಮಂದಿಯದು, ಅದರ ಮುಕಾದಮ, ಅಂದರೆ ಮೇಸ್ತ್ರಿ, ನನ್ನ ಗಂಡ.

ಮೊದಲ ಚಾರ್ಟನ್ನು ನಾನು ಸೊನ್ನೆಯಿಂದ ಶುರು ಮಾಡಿ ಬರೆದೆ. ಎರಡೂ ಕಂಬ ಹೆಚ್ಚುಕಡಿಮೆ ಒಂದೇ ಎತ್ತರ ಬಂದವು. ಸಾಹೇಬರು ಅದನ್ನು ಹಸಿ ರೊಟ್ಟಿಯಂತೆ ತಿರುವಿ ತಿರುವಿ ನೋಡಿದರು.

“ಏನ್ರಿ ಬಾಯಾರ, ಅವಳಿಜವಳಿ ಇದ್ದಂಗ ಕಾಣ್ತಾವಲ್ಲ. ಇದನ್ನ ನೋಡಿ ಯಾರಿಗೆ ನಾಚಿಕಿ ಬರಬೇಕು?”

“ಇರೋದಽ ಹಂಗ ಐತ್ರಿ ಸಾಹೇಬ್ರ. ಅವರದು ಒಂಬೈನೂರಾ ಎಂಬತ್ತು, ನಮ್ಮವರದು ಒಂಬೈನೂರಾ ಇಪ್ಪತ್ತು.”

“ಹಂಗಾರ ಒಂಬೈನೂರರಿಂದಽ ಶುರು ಮಾಡ್ರಿ. ಇಬ್ಬರ ಕಡೇನೂ ಇರೋದನ್ನ ಯಾಕ ತೋರಸಬೇಕು?”

ಸೊನ್ನೆ ಅಳಿಸಿ ಒಂಬೈನೂರು ಬರೆದೆ. ಒಂದು ಅಂಕಿಯೂ ಸುಳ್ಳಲ್ಲ. ಆದರೆ ಈಗ ಒಂದು ಕಂಬ ಎಂಬತ್ತರ ಎತ್ತರ, ಇನ್ನೊಂದು ಇಪ್ಪತ್ತರದು. ಒಬ್ಬರು ಗೋಳಗುಮ್ಮಟ ಕಟ್ಟಿದಂತೆ, ಇನ್ನೊಬ್ಬರು ಅದರ ಮುಂದೆ ಮಣೆ ಹಾಕಿಕೊಂಡು ಕೂತಂತೆ. ನಮ್ಮವರು ತೆಗೆದ ಮೊದಲ ಒಂಬೈನೂರು ಪೆಟ್ಟಿಗೆ ಎಲ್ಲಿ ಹೋದವು ಎಂದು ಯಾರೂ ಕೇಳಲಿಲ್ಲ. ಗೇಟಿನ ಕಾವಲುಗಾರ ಕೂಡ ಹಲಗೆ ನೋಡಿ, ಆಮೇಲೆ ನನ್ನ ಗಂಡನನ್ನು ನೋಡತೊಡಗಿದ.

ಅಷ್ಟು ಕಡಿಮೆ ಬೀಳಲು ಕಾರಣ ಎಲ್ಲರಿಗೂ ಗೊತ್ತಿತ್ತು. ಅಮಾವಾಸ್ಯೆ ಬಂದರೆ ನಮ್ಮವರು ಪ್ರೆಸ್ ಮೆಷಿನ್ ನಿಲ್ಲಿಸುತ್ತಿದ್ದರು. ಅದನ್ನು ಒರೆಸಿ, ಎಣ್ಣೆ ಬಿಟ್ಟು, ಕೈ ಒಳಗೆ ಹೋಗದಂತೆ ಅಡ್ಡ ಇರುವ ಜಾಲರಿಯ ಬೋಲ್ಟುಗಳನ್ನು ಪಾನಾ, ಅಂದರೆ ಸ್ಪ್ಯಾನರ್, ಹಾಕಿ ಬಿಗಿದು, ಆಮೇಲೆ ವಿಭೂತಿ ಹಚ್ಚಿ ಕಾಯಿ ಒಡೆಯುತ್ತಿದ್ದರು. ಅರ್ಧ ಪಾಳಿ ಅದಕ್ಕೇ ಹೋಗುತ್ತಿತ್ತು. ಮರುದಿನ ಬೆಳಿಗ್ಗೆ ಮೊದಲ ಪಾಳಿಯವರು, ಯಾರೋ ಎರೆದು ಮಲಗಿಸಿದ ಕೂಸನ್ನು ಎತ್ತಿಕೊಂಡಂತೆ, ಬಂದು ಗುಂಡಿ ಒತ್ತುತ್ತಿದ್ದರು. ಕೂಸಿಗೆ ಎರೆದವರು ಯಾರೆಂದು ತೋರಿಸುವ ಕಂಬ ಪುಣೆಯಲ್ಲಿ ಕಲಿಸಿರಲಿಲ್ಲ.

ಮುಂದಿನ ತಿಂಗಳೂ ಕಂಬ ಗಿಡ್ಡ ಬಂದರೆ ಎರಡನೇ ಪಾಳಿಯ ಮುಕಾದಮನನ್ನು ಮತ್ತೆ ದಿನಗೂಲಿಗೆ ಇಳಿಸುತ್ತೇನೆ ಎಂದರು ಸಾಹೇಬರು. ನಾವು ತಗಡಿನ ಶೆಡ್ ಬಿಟ್ಟು, ನಲ್ಲಿ ಇರುವ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ದಿನಗೂಲಿ ಎಂದರೆ ಮತ್ತೆ ಅದೇ ಶೆಡ್.

“ಅದು ಬರೇ ಕಾಗದದ ಆಟರಿ,” ಎಂದೆ ಗಂಡನಿಗೆ. “ಬುಡ ಕತ್ತರಿಸ್ಯಾರ, ಅದಕ್ಕ ಗಿಡ್ಡ ಕಾಣತೈತಿ. ಖರೇ ನೋಡಿದ್ರ ನೂರಕ್ಕ ಆರೋ ಏಳೋ ಕಡಿಮಿ, ಅಷ್ಟಽ.”

“ನೀ ಅಷ್ಟಽ ಅಂತಿ. ಮಂದಿ ನೂರಕ್ಕ ಎಷ್ಟು ಅಂತ ನೋಡಾಕತ್ತಿಲ್ಲ, ಕಂಬ ನೋಡಾಕತ್ತಾರ.”

ಅಮಾವಾಸ್ಯೆ ಬಂತು. ಪೂಜೆ ಬಿಡುವ ಧೈರ್ಯ ನಮ್ಮವರಿಗೆ ಎಲ್ಲಿಂದ ಬರಬೇಕು. ಅವರು ಬಿಟ್ಟದ್ದು ಪಾನಾ. ಮೆಷಿನ್ ಓಡುತ್ತಿರುವಾಗಲೇ ಲಿಂಬೆಹಣ್ಣು ಇಟ್ಟು, ಕಾಯಿ ಒಡೆದು ಕೈಮುಗಿದರು. “ದೇವರಿಗೆ ಕೊಡೋದು ಕೊಟ್ಟೇವಿ. ಬೋಲ್ಟು ಮುಂದಿನ ಅಮಾಸಿಗೆ ನೋಡೂಣು,” ಎಂದರಂತೆ ನಮ್ಮ ಮನೆಯವರು. ದೇವರಿಗೆ ಕಾಯಿ ಸಿಕ್ಕಿತು, ಸಾಹೇಬರಿಗೆ ಪೆಟ್ಟಿಗೆ ಸಿಕ್ಕವು. ತಿಂಗಳ ಕೊನೆಗೆ ಎರಡನೇ ಪಾಳಿಯ ಕಂಬ ಹಲಗೆಯ ನೆತ್ತಿ ಮುಟ್ಟಿತು. ಸಾಹೇಬರು ಎಲ್ಲರಿಗೂ ಚಹಾ ತರಿಸಿದರು.

ಅದಾದ ಸ್ವಲ್ಪ ದಿನಕ್ಕೆ ಜಾಲರಿ ಸಡಿಲಾಗಿ ಕೆಳಗೆ ಜಾರಿತು. ಸಿಕ್ಕಿಕೊಂಡ ಮುಚ್ಚಳ ಬಿಡಿಸಲು ಕೈಹಾಕಿದ ನನ್ನ ಗಂಡನ ಎಡಗೈಯ ಎರಡು ಬೆರಳು ಹೋದವು. ಟೈಪ್‌ರೈಟರ್ ಬಿಟ್ಟು ಓಡಿದ ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಹಲಗೆಯ ಮೇಲೆ, ಸಾಹೇಬರ ಮೇಲೆ, ಒಡೆದ ಆ ಕಾಯಿಯ ಮೇಲೆ, ಅದನ್ನು ಒಡೆದವರ ಮೇಲೂ.

ಮುಂಬಯಿಯಿಂದ ಮಾಲೀಕರು ಬರುವವರಿದ್ದರು. ಅಪಘಾತದ್ದೂ ಒಂದು ಚಾರ್ಟ್ ಬೇಕಾಯಿತು.

“ಬಾಯಾರ, ಇದನ್ನ ಮಾತ್ರ ಸೊನ್ನಿಯಿಂದ ಶುರು ಮಾಡ್ರಿ,” ಎಂದರು ಸಾಹೇಬರು. “ಮ್ಯಾಲಿನ ತುದಿಗೆ ನೂರು ಇರ್ಲಿ.”

ಬರೆದೆ. ನೂರರ ಹಾಳೆಯಲ್ಲಿ ಒಂದು ಅಪಘಾತ ಪೆನ್ಸಿಲ್ ಗೆರೆಯಷ್ಟು ದಪ್ಪ ಬಂತು. ಹಲಗೆಗೆ ಅಂಟಿಸಿದ್ದನ್ನು ಮಾಲೀಕರು ನೋಡಿ ಸಾಹೇಬರ ಬೆನ್ನು ತಟ್ಟಿ ಹೋದರು.

ಮರುವಾರ ನಮ್ಮ ಮನೆಯವರು ಎಡಗೈಗೆ ಬ್ಯಾಂಡೇಜ್ ಸುತ್ತಿಕೊಂಡೇ ಕೆಲಸದ ವಿಷಯ ಕೇಳಲು ಬಂದರು. ಹಲಗೆಯ ಮೇಲಿನ ಆ ಚಾರ್ಟಿನ ಮುಂದೆ ನಿಂತರು.

“ಇದರಾಗ ನಂದು ಎಲ್ಲೈತಿ?” ಎಂದರು.

ತೋರಿಸಿದೆ. ಅವರು ಬಗ್ಗಿ, ಬಲಗೈಯ ತೋರುಬೆರಳನ್ನು ಅದರ ಮೇಲೆ ಇಟ್ಟರು. ಗೆರೆ ಬೆರಳಿನ ಕೆಳಗೆ ಪೂರ್ತಿ ಮುಚ್ಚಿಹೋಯಿತು.

“ಇಷ್ಟಽ ಏನು?” ಎಂದರು.

ನಾನು ಹೂಂ ಎಂದೆ.