ಅಂಟುಗಿಡ ತೊಳೆದ ಪುಡಿಯಕ್ಕ

ನಮ್ಮ ರಸಾಯನಶಾಸ್ತ್ರ ವಿಭಾಗದಲ್ಲಿ ಡಾಕ್ಟರೇಟು ಪಡೆದವರು ಹದಿಮೂರು ಜನ ಇದ್ದಾರೆ. ಅಷ್ಟೂ ಜನ ಒಟ್ಟಿಗೆ ರಜೆ ಹಾಕಿದರೂ ವಿಭಾಗ ಹೇಗೋ ನಡೆಯುತ್ತದೆ. ಪುಡಿಯಕ್ಕ ಒಂದು ದಿನ ಬಾರದಿದ್ದರೆ ಮಾತ್ರ ಎಲ್ಲರೂ ಕೈಕಾಲು ಕಟ್ಟಿದವರಂತೆ ನಿಲ್ಲುತ್ತಾರೆ. ಇದನ್ನು ಅವರ ಮುಖಕ್ಕೇ ಹೇಳಿದ್ದೇನೆ, ಯಾರೂ ಅಲ್ಲವೆಂದಿಲ್ಲ. ನಾನು ಇಲ್ಲಿನ ಸ್ಟೋರ್ ಕೀಪರ್. ಇಪ್ಪತ್ತಾರು ವರ್ಷಗಳಿಂದ ಬೀರುಗಳ ಬೀಗದಕೈ ನನ್ನ ಹತ್ತಿರವೇ ಇದೆ.

ಊರು ಮುಗಿದಲ್ಲಿಂದ ಮರಳುಗಾಡು ಶುರುವಾಗುತ್ತದೆ. ಅಲ್ಲಿನ ಕಾಡುಗಿಡಗಳು ಹೂ ಬಿಡುವ ಕಾಲದಲ್ಲಿ ಚೀಲ ಚೀಲವಾಗಿ ನಮ್ಮಲ್ಲಿಗೆ ಬರುತ್ತವೆ. ಅವನ್ನು ಹಳೆಯ ಪೇಪರಿನ ಮೇಲೆ ಹರವಿ, ಬಿಸಿಲು ಬೀಳದ ಮಹಡಿ ಕೋಣೆಯಲ್ಲಿ ಒಣಗಿಸಿ, ದಿನಕ್ಕೆರಡು ಸಲ ಮಗುಚಿ, ಪುಡಿ ಮಾಡಿ, ಜರಡಿ ಹಿಡಿದು, ಕಂದು ಬಾಟಲಿಗೆ ತುಂಬಿ ಚೀಟಿ ಅಂಟಿಸುವುದು ಅವಳ ಕೆಲಸ. ಹಾಗಾಗಿ ಪುಡಿಯಕ್ಕ. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಎಲೆ ಒಣಗಿದೆಯೋ ಇಲ್ಲವೋ ಎಂದು ಮೂಸಿ ನೋಡಿಯೇ ಹೇಳುತ್ತಾಳೆ. ಇಷ್ಟೆಲ್ಲ ಮಾಡಿಯೂ ಹನ್ನೊಂದು ವರ್ಷ ತಾತ್ಕಾಲಿಕ ನೌಕರಿಯಲ್ಲೇ ಇದ್ದಳು. ಕಾಯಂ ಮಾಡುವ ಕಾಗದ ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಕಾದು ಕಾದು ಅವಳ ತಲೆಯೂ ನರೆಯಿತು.

ಈ ಕಸಕಡ್ಡಿಯಲ್ಲಿ ಏನು ಹುಡುಕುತ್ತಾರೋ ಎಂದು ಸಂಶೋಧನೆ ಮಾಡುವ ಹುಡುಗಿಯನ್ನು ನಾನೇ ಒಮ್ಮೆ ಕೇಳಿದ್ದೆ. "ಹೆಚ್ಚಿಟ್ಟ ಸೇಬು ಕಂದು ಬಣ್ಣಕ್ಕೆ ತಿರುಗುತ್ತಲ್ಲ ಅಂಕಲ್? ಗಾಳಿ ತಾಗಿ ಕೆಡೋದು ಅದು. ನಮ್ಮ ಮೈಯೊಳಗೂ ಅಂಥದ್ದು ನಡೀತಾನೇ ಇರುತ್ತೆ. ಅದನ್ನ ತಡೆಯೋ ವಸ್ತು ಗಿಡಗಳಲ್ಲಿ ಸಿಗುತ್ತೆ. ಆ ಬಿಸಿಲಲ್ಲಿ ಬೆಂದೂ ಬದುಕಿರೋ ಗಿಡದಲ್ಲಿ ಎಷ್ಟಿರಬೇಡ ಹೇಳಿ!" ಎಂದಳು. ಪರೀಕ್ಷೆ ನನಗೂ ಅರ್ಥವಾಗುವಂಥದ್ದೇ. ಗಾಜಿನ ಕೊಳವೆಯಲ್ಲಿ ನೇರಳೆ ಬಣ್ಣದ ದ್ರಾವಣ ಇರುತ್ತದೆ. ಗಿಡದ ಸಾರ ನಾಲ್ಕು ಹನಿ ಬಿಟ್ಟಾಗ ನೇರಳೆ ಹೋಗಿ ಹಳದಿಯಾದರೆ ಗಿಡದಲ್ಲಿ ಸತ್ವ ಇದೆ ಎಂದು ಲೆಕ್ಕ. ಮುಟ್ಟಿದರೆ ಬೆರಳಿಗೆ ಅಂಟುವ ಒಂದು ಪೊದೆ ಇದೆ, ನಾವು ಅಂಟುಗಿಡ ಅನ್ನುತ್ತೇವೆ. ಹೋದ ವರ್ಷ ಅದರ ಸಾರ ಬಿಟ್ಟಾಗ ಹುಡುಗಿ ಮುಚ್ಚಳ ಹಾಕುವಷ್ಟರಲ್ಲಿ ಕೊಳವೆ ಹಳದಿ! ಇಡೀ ವಿಭಾಗಕ್ಕೆ ಸಿಹಿ ಹಂಚಿದ್ದಳು.

ಈ ವರ್ಷ ಅದೇ ಗುಡ್ಡದಿಂದ ಮತ್ತೆ ಮೂರು ಚೀಲ ಬಂತು. ಒಂದೇ ಸಲ ಬಂದ ಫಲಿತಾಂಶವನ್ನು ಯಾರೂ ನಂಬುವುದಿಲ್ಲವಂತೆ, ಎರಡನೇ ಸಲವೂ ಬರಬೇಕಂತೆ. ಗಿಡದ ತುಂಬ ಮರಳು. ಹೋದ ವರ್ಷ ಇದೇ ಮರಳು ಸಿಕ್ಕಿ ಪುಡಿ ಮಾಡುವ ಮಿಕ್ಸಿಯ ಎರಡು ಬ್ಲೇಡು ಹಾಳಾಗಿದ್ದವು. ನನಗೆ ರೇಗಿತು. "ನೋಡಕ್ಕ, ಇನ್ನೊಂದು ಬ್ಲೇಡ್ ಕೇಳ್ಕೊಂಡು ನನ್ನ ಬಾಗಿಲಿಗೆ ಬಂದ್ರೆ ಸುಮ್ನಿರಲ್ಲ. ಬಿಸಿನೀರಲ್ಲಿ ಸೋಪ್ ಹಾಕಿ ತೊಳಿ" ಎಂದು ಗಾಜಿನ ಸಾಮಾನು ತೊಳೆಯುವ ಸೋಪಿನ ಬಾಟಲಿಯನ್ನು ಅವಳ ಕೈಗೆ ತುರುಕಿದೆ.

"ಯಾವಾಗ್ಲೂ ಬ್ರಶ್‌ನಲ್ಲಿ ತಾನೆ ಸ್ಟೋರಣ್ಣ ಮರಳು ಉದುರಿಸೋದು?"

"ಮನೇಲಿ ಸೊಪ್ಪು ತೊಳೀದೆ ಸಾರಿಗೆ ಹಾಕ್ತೀಯೇನು?"

ಅವಳು ಶುಚಿಯ ವಿಷಯದಲ್ಲಿ ಮೊದಲೇ ಹುಚ್ಚಿ. ಆ ಮಾತು ನೆಟ್ಟಗೆ ನಾಟಿತು. ಎರಡು ಚೀಲ ಉಜ್ಜಿ ಉಜ್ಜಿ ತೊಳೆದಳು. "ಅಂಟೆಲ್ಲ ಹೋಗಿ ಎಲೆ ಹೇಗೆ ಮಿಂಚ್ತಿದೆ ನೋಡಿ" ಎಂದು ನನ್ನನ್ನು ಮಹಡಿಗೆ ಕರೆದುಕೊಂಡು ಹೋಗಿ ತೋರಿಸಿದಳು. ನಾನೂ ಭೇಷ್ ಅಂದೆ.

ಎರಡು ವಾರದ ಮೇಲೆ ಹುಡುಗಿ ಪರೀಕ್ಷೆ ಮಾಡಿದಳು. ನೇರಳೆ ನೇರಳೆಯಾಗಿಯೇ ಉಳಿಯಿತು. ಏಳು ಸಲ ಮಾಡಿದಳು, ಜಪ್ಪಯ್ಯ ಅಂದರೂ ಬಣ್ಣ ಕದಲಲಿಲ್ಲ. ವಿಭಾಗದ ಮುಖ್ಯಸ್ಥೆ, ನಾವು ದೊಡ್ಡ ಮೇಡಂ ಅನ್ನುವವರು, ಅವಳನ್ನು ಕರೆಸಿ ಕೇಳಿದರಂತೆ: "ಹೋದ ವರ್ಷದ ಅಂಕಿ ನಿಜವಾಗ್ಲೂ ಬಂದಿದ್ದಾ, ನೀನೇ ಬರ್ಕೊಂಡಿದ್ದಾ?" ಇದನ್ನು ವಿಚಾರಿಸಲು ಸೋಮವಾರ ಸಮಿತಿ ಕೂರುವುದೆಂದಾಯಿತು. ಹುಡುಗಿ ನನ್ನ ಸ್ಟೋರಿನ ಹಿಂದಿನ ಬೀರುವಿಗೆ ಒರಗಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಬಾಟಲಿ ಕೇಳಲು ಬಂದಿದ್ದ ಪುಡಿಯಕ್ಕ ಅಷ್ಟನ್ನೂ ಕೇಳಿಸಿಕೊಂಡಳು.

ಹುಡುಗಿ ಹೋದ ಮೇಲೆ ಪುಡಿಯಕ್ಕ ಮಹಡಿಯಿಂದ ತನ್ನ ಪುಡಿಯ ಬಾಟಲಿ ತಂದು, ಒಂದು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿದಳು. "ಅಂಟೇ ಇಲ್ಲ ಸ್ಟೋರಣ್ಣ. ಸತ್ವ ಇದ್ದಿದ್ದು ಎಲೆ ಮೇಲಿನ ಅಂಟಲ್ಲೇ ಇರ್ಬೇಕು. ನಾನು ಅದನ್ನೇ ಮೋರಿಗೆ ಬಿಟ್ಟೆ."

ಅವಳನ್ನು ಕಾಯಂ ಮಾಡುವ ಕಾಗದ ದೊಡ್ಡ ಮೇಡಂ ಮೇಜಿನ ಮೇಲೆ ಕೂತಿತ್ತು, ಅದೇ ಸೋಮವಾರ ಸಹಿಯಾಗಬೇಕಿತ್ತು. ಅದಾದರೆ ಕಾಯಂ ನೌಕರರಿಗಿರುವ ಆಸ್ಪತ್ರೆ ಸೌಲಭ್ಯದಲ್ಲಿ ಅವಳ ಅತ್ತೆಯ ಕಣ್ಣಿನ ಪೊರೆ ಪುಕ್ಕಟೆಯಾಗಿ ತೆಗೆಸಬಹುದು. ಆ ಮುದುಕಿಗೆ ಈಗ ಲೋಟಕ್ಕೂ ಚೊಂಬಿಗೂ ವ್ಯತ್ಯಾಸ ಕಾಣುವುದಿಲ್ಲ. "ಬಾಯಿ ಮುಚ್ಕೊಂಡಿರು. ಮೊದ್ಲು ಸಹಿ ಆಗ್ಲಿ, ಆಮೇಲೆ ಬೇಕಾದ್ರೆ ಹೇಳು" ಎಂದೆ. ಅವಳ ಒಳ್ಳೆಯದಕ್ಕೇ ಹೇಳಿದೆ ಅಂತ ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಸೋಪು ಕೊಟ್ಟವನು ನಾನು ಎಂಬುದು ಹೊರಗೆ ಬರಬಾರದು ಎಂದೂ ಇತ್ತು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಸೋಮವಾರ ಬೆಳಿಗ್ಗೆ ಅವಳು ನೆಟ್ಟಗೆ ಸ್ಟೋರಿಗೆ ಬಂದಳು. "ಅತ್ತೆ ಹತ್ರ ಹೇಳ್ದೆ" ಅಂದಳು.

"ಏನಂದ್ರು?"

"'ನಂಗೆ ಕಣ್ಣು ಕಾಣಲ್ಲ ನಿಜ, ಕಿವಿ ಚೆನ್ನಾಗೇ ಕೇಳುತ್ತೆ. ನೀನು ಹಾಸಿಗೇಲಿ ಹೊರಳಾಡೋ ಸದ್ದಿಗೆ ನನಗೂ ನಿದ್ದೆ ಇಲ್ಲ. ಹೋಗಿ ಹೇಳಿಬಿಡು, ಇಬ್ರೂ ಮಲಗೋಣ' ಅಂದ್ರು."

ಅಷ್ಟು ಹೇಳಿ, ಇನ್ನೂ ತೊಳೆಯದೆ ಉಳಿದಿದ್ದ ಮೂರನೇ ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು ದೊಡ್ಡ ಮೇಡಂ ಕೋಣೆಗೆ ನಡೆದಳು. ಕೈಗೆ ಸಿಕ್ಕ ಒಂದು ರಿಜಿಸ್ಟರ್ ಹಿಡಿದುಕೊಂಡು ನಾನೂ ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ. ಹುಡುಗಿ ಆಗಲೇ ಒಳಗೆ ತಲೆ ತಗ್ಗಿಸಿ ಕೂತಿದ್ದಳು.

"ಮೇಡಂ, ಈ ಮಗು ಸುಳ್ಳು ಬರೆದಿಲ್ಲ. ನಾನು ಗಿಡಾನ ಸೋಪ್ ಹಾಕಿ ತೊಳೆದೆ. ಇದು ತೊಳೀದೇ ಇರೋದು, ಇದರಲ್ಲಿ ನೋಡಿ" ಎಂದಳು ಪುಡಿಯಕ್ಕ.

ಹುಡುಗಿ ಕುರ್ಚಿ ದೂಡಿ ಎದ್ದು, ಪಕ್ಕದ ಲ್ಯಾಬಿನಿಂದ ಸಾಮಾನು ತಂದಳು. ಪುಡಿ ಮಾಡುವಷ್ಟು ಹೊತ್ತು ಯಾರಿಗಿದೆ? ಎಲೆಗಳನ್ನು ಇಡಿಯಾಗಿಯೇ, ಸಾರ ಇಳಿಸುವ ಮೆಥನಾಲಿನಲ್ಲಿ ಅದ್ದಿ ತೆಗೆದು, ಆ ಸಾರವನ್ನೇ ನಾಲ್ಕು ಹನಿ ನೇರಳೆ ದ್ರಾವಣಕ್ಕೆ ಬಿಟ್ಟಳು. ನಾವು ನಾಲ್ಕೂ ಜನ ಕೊಳವೆಯನ್ನೇ ನೋಡಿದೆವು. ನೇರಳೆ ತಿಳಿಯಾಗುತ್ತ ಬಂತು, ಆಮೇಲೆ ಪೂರ್ತಿ ಹಳದಿಯಾಯಿತು. ಹುಡುಗಿ ಪುಡಿಯಕ್ಕನನ್ನು ಗಟ್ಟಿಯಾಗಿ ತಬ್ಬಿಕೊಂಡಳು. "ಎಲೆ ಮೇಲ್ಗಡೆ ಅಂಟಲ್ಲೇ ಇದೆ ಮೇಡಂ! ಇದು ನಮಗೆ ಗೊತ್ತೇ ಇರ್ಲಿಲ್ಲ!" ಎಂದು ಕೂಗಿದಳು.

ದೊಡ್ಡ ಮೇಡಂ ಮುಖ ಮಾತ್ರ ಸಡಿಲವಾಗಲಿಲ್ಲ. "ಸಮಿತಿಗೆ ನಾನು ಹೇಳ್ತೀನಿ. ಆದರೆ ಹನ್ನೊಂದು ವರ್ಷದ ಪದ್ಧತಿ ಬಿಟ್ಟು ತೊಳೀಬೇಕು ಅಂತ ಯಾಕನ್ನಿಸ್ತು? ಸೋಪ್ ಎಲ್ಲಿಂದ ಬಂತು?"

"ನಾನೇ ತಗೊಂಡೆ ಮೇಡಂ. ನನ್ನದೇ ತಪ್ಪು."

ಬಾಗಿಲಲ್ಲಿದ್ದ ನನ್ನ ಕಡೆ ಅವಳು ತಿರುಗಿ ಕೂಡ ನೋಡಲಿಲ್ಲ. ನೋಡಿದ್ದರೆ ನಾನು ಬಹುಶಃ ಕಾಲಿಗೆ ಬುದ್ಧಿ ಹೇಳುತ್ತಿದ್ದೆ. "ಅಲ್ಲ ಮೇಡಂ" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಸೋಪ್ ಕೊಟ್ಟೋನು ನಾನು. ಬ್ಲೇಡ್ ಹಾಳಾಗುತ್ತೆ ಅಂತ ರೇಗಿ ತೊಳ್ಸಿದ್ದೂ ನಾನೇ. ಹೇಳಬೇಡ ಅಂತ ಬಾಯಿ ಮುಚ್ಚಿಸಿದ್ದೂ ನಾನೇ."

ಆ ಸೋಮವಾರ ಸಹಿಯಾಗಲಿಲ್ಲ. ವಿಚಾರಣೆ, ವಿವರಣೆ, ಇಬ್ಬರಿಗೂ ಒಂದೊಂದು ಎಚ್ಚರಿಕೆ ಪತ್ರ ಎಂದು ಮೂರು ತಿಂಗಳು ಎಳೆಯಿತು. ಅಷ್ಟೂ ದಿನ ಆ ಮುದುಕಿ ಲೋಟ ತಡಕಾಡುತ್ತಲೇ ಇದ್ದಳು. ಅತ್ತ ಹುಡುಗಿ ತೊಳೆದ ಎಲೆ, ತೊಳೆಯದ ಎಲೆ ಎರಡನ್ನೂ ಹೋಲಿಸಿ ಹೊಸದೊಂದು ಅಧ್ಯಾಯವನ್ನೇ ಬರೆದಳು. ದೊಡ್ಡ ಮೇಡಂ ಅದನ್ನು ಎರಡು ಸಲ ಓದಿ, ಮೂರನೇ ದಿನ ಪುಡಿಯಕ್ಕನ ಕಾಗದಕ್ಕೆ ಸಹಿ ಹಾಕಿದರು.

ಕಾಯಂ ನೌಕರಿಗೆ ಸೇರುವಾಗ, ಈಕೆಯ ನಡತೆ ನಾನು ಬಲ್ಲೆ ಎಂದು ಸಹೋದ್ಯೋಗಿಯೊಬ್ಬರು ಸಹಿ ಹಾಕಿಕೊಡಬೇಕು. ಹದಿಮೂರು ಡಾಕ್ಟರೇಟುಗಳೂ ಪೆನ್ನು ಹಿಡಿದು ತಯಾರಾಗಿದ್ದರು. ಅವಳು ಅವರೆಲ್ಲರ ಕೋಣೆ ದಾಟಿಕೊಂಡು ಸ್ಟೋರಿಗೆ ಬಂದು, ಕಾಗದವನ್ನು ನನ್ನ ಮುಂದೆ ಇಟ್ಟಳು.

"ನನ್ನ ಸಹಿ ಯಾಕಕ್ಕ? ಹೆದರಿ ಬಾಗಿಲಲ್ಲಿ ನಿಂತಿದ್ದೋನು ನಾನು" ಅಂದೆ.

"ಹೆದರ್ಕೊಂಡೇ ಹೇಳಿದ್ರಲ್ಲ, ಅದಕ್ಕೇ. ಬೇಗ ಹಾಕಿ ಸ್ಟೋರಣ್ಣ, ಅತ್ತೆನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು."