ಫ್ಯಾನು ತಿರುಗಿಸುವ ಕೋಲು

ನಮ್ಮ ಮನೆಯಲ್ಲಿ ಒಂದು ಕೋಲಿದೆ. ನಾನು ಮೇಷ್ಟ್ರಾಗಿದ್ದವನೆಂದು ಗೊತ್ತಿರುವವರು ಕೂಡಲೇ ಬೇರೆ ಏನನ್ನೋ ಊಹಿಸಿಕೊಳ್ಳುತ್ತಾರೆ. ಅದಲ್ಲ, ಇದು ಫ್ಯಾನು ತಿರುಗಿಸುವ ಕೋಲು. ಮೂರು ಮೊಳದ ಬಿದಿರು. ರೆಕ್ಕೆಗೆ ಪೆಟ್ಟಾಗಬಾರದೆಂದು ತುದಿಗೆ ಹಳೆಯ ಬನಿಯನ್ನಿನ ಚೂರು ಸುತ್ತಿದ್ದೇನೆ.

ಆಂಧ್ರದ ಗಡಿಯ ನಮ್ಮ ಆದೋನಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬೇಸಿಗೆಯ ಮಧ್ಯಾಹ್ನ ಊರಿನ ಕೂಲರುಗಳೆಲ್ಲ ಒಟ್ಟಿಗೆ ಶುರುವಾದವೆಂದರೆ ನಮ್ಮ ಓಣಿಯ ಕೊನೆಯ ಮನೆಗೆ ಬರುವಷ್ಟರಲ್ಲಿ ಕರೆಂಟಿಗೆ ಸುಸ್ತಾಗಿರುತ್ತದೆ. ಫ್ಯಾನಿಗೆ ಮೊದಲ ತಳ್ಳು ಕೊಡುವ ಕಂಡೆನ್ಸರಿಗೂ ವಯಸ್ಸಾಗಿರುತ್ತದೆ. ಸ್ವಿಚ್ಚು ಹಾಕಿದರೆ ಫ್ಯಾನು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಆಗ ಕೋಲಿನಿಂದ ರೆಕ್ಕೆಗೆ ಒಂದು ತಳ್ಳು ಕೊಡಬೇಕು. ಆಮೇಲೆ ಸಂಜೆಯವರೆಗೆ ಅದರ ಪಾಡಿಗೆ ಅದು ತಿರುಗುತ್ತದೆ. ಮೂವತ್ತು ವರ್ಷ ಈ ತಳ್ಳುವ ಹಕ್ಕು ನನ್ನದಾಗಿತ್ತು. ನನ್ನ ಹೆಂಡತಿ ಶರಣಮ್ಮ ಮನೆಗೆ ಬಂದವರೆದುರು ಹೇಳುವುದುಂಟು: "ಈ ಮನ್ಯಾಗ ಇವರು ಕೈ ಎತ್ತಿ ಮಾಡೋ ಕೆಲಸ ಅದೊಂದ ನೋಡ್ರಿ."

ಹೋದ ಬೇಸಿಗೆಯಲ್ಲಿ ನಾನು ಆಧುನಿಕನಾದೆ. ಬಿಎಲ್‌ಡಿಸಿ ಫ್ಯಾನು ತಂದೆ. ತಿರುಗುವ ಭಾಗಕ್ಕೆ ಉಜ್ಜಿ ಕರೆಂಟು ಮುಟ್ಟಿಸುವ ಬ್ರಶ್ ಇಲ್ಲದ ಡಿಸಿ ಮೋಟಾರು, ಕೈಯಲ್ಲಿ ರಿಮೋಟು, ಬೇಡುವ ಕರೆಂಟು ಹಳೆಯದಕ್ಕಿಂತ ಎಷ್ಟೋ ಕಡಿಮೆ. ಅಂಗಡಿಯವನು "ಇದರಾಗ ಬ್ರಶ್ಶೇ ಇರಂಗಿಲ್ಲ ಸಾರ್" ಎಂದಾಗ, ಕನ್ನಡ ಮೀಡಿಯಂ ಮಕ್ಕಳಿಗೆ ಇಡೀ ಸರ್ವಿಸು ಭೌತಶಾಸ್ತ್ರ ಪಾಠ ಮಾಡಿದ ನಾನು ಗಂಭೀರವಾಗಿ ತಲೆ ಆಡಿಸಿದೆ. ಹಳೆಯ ಫ್ಯಾನಿನಲ್ಲಾದರೂ ಬ್ರಶ್ ಎಲ್ಲಿತ್ತು? ಅದು ಇಂಡಕ್ಷನ್ ಮೋಟಾರು. ಬ್ರಶ್ ಇರುವುದು ಮಿಕ್ಸಿಯಲ್ಲಿ, ಗೋಡೆ ಕೊರೆಯುವ ಡ್ರಿಲ್ಲಿನಲ್ಲಿ. ಇದು ನನಗೆ ಹೊಳೆದದ್ದು ಮನೆ ಮುಟ್ಟಿದ ಮೇಲೆ.

ಮನೆ ಮುಟ್ಟುವ ಮೊದಲೇ ಆಗಬಾರದ್ದು ಆಗಿಹೋಗಿತ್ತು. ದಾರಿಯಲ್ಲಿ ಈರಣ್ಣನ ಅಂಗಡಿ ಸಿಗುತ್ತದೆ. ಈರಣ್ಣ ಪೆದ್ದಹರಿವಾಣಂ ಕಡೆಯವನು, ನನ್ನ ಹಳೆಯ ವಿದ್ಯಾರ್ಥಿ. ಮೋಟಾರು ರಿವೈಂಡಿಂಗ್ ಮಾಡುತ್ತಾನೆ. ಎಂದರೆ ಸುಟ್ಟ ಮೋಟಾರಿನ ಹಳೆಯ ತಂತಿ ಬಿಚ್ಚಿ ಹೊಸದು ಸುತ್ತುತ್ತಾನೆ. ನಮ್ಮ ಹಳೆಯ ಫ್ಯಾನನ್ನು ಮೂರು ಸಲ ಬದುಕಿಸಿದವನು ಅವನೇ. ಬಿಡುವಾದಾಗೆಲ್ಲ ಸಂಜೆ ನಮ್ಮ ಮನೆಗೆ ಬಂದು ಚಾ ಕುಡಿದು ಹೋಗುವುದು ಎಷ್ಟೋ ವರ್ಷದ ರೂಢಿ. ಅಂಥವನೆದುರು, ಅದೂ ಅವನ ಗಿರಾಕಿಗಳು ನಿಂತಿರುವಾಗ, ನಾನು ಡಬ್ಬಿ ಎತ್ತಿ ತೋರಿಸಿ, "ನೋಡಪಾ ಈರಣ್ಣ, ಇನ್ನ ನಿನ್ನ ಅಂಗಡಿಗೆ ಬೀಗ. ಇದರಾಗ ಸುತ್ತೋದೇ ಏನೂ ಇಲ್ಲ" ಅಂದುಬಿಟ್ಟೆ.

ತಮಾಷೆಗೇ ಅಂದದ್ದು. ಆದರೆ ಮೇಷ್ಟ್ರುಗಳ ತಮಾಷೆಗೆ ನಗುವ ಅಭ್ಯಾಸ ಇರುವುದು ಕ್ಲಾಸಿನಲ್ಲಿ ಮಾತ್ರ. ಈರಣ್ಣ ಏನೋ ಹೇಳಲು ಬಾಯಿ ತೆರೆದ. ಅವನದು ಮೊದಲಿನಿಂದಲೂ ನಿಧಾನ. ಅವನು ಮಾತು ಜೋಡಿಸಿಕೊಳ್ಳುವಷ್ಟರಲ್ಲಿ ನಾನು ಆಟೋ ಹತ್ತಿಯಾಗಿತ್ತು. ಅಂದಿನಿಂದ ಅವನು ಚಹಕ್ಕೆ ಬರಲಿಲ್ಲ. ಒಂದು ವಾರ, ಎರಡು ವಾರ. ಶರಣಮ್ಮ ರೂಢಿಯಂತೆ ಮೂರು ಕಪ್ಪು ಚಾ ಮಾಡಿ, ಒಂದನ್ನು ಮತ್ತೆ ಪಾತ್ರೆಗೆ ಸುರಿಯುತ್ತಿದ್ದಳು. ಹೋಗಿ ತಪ್ಪಾಯಿತು ಅನ್ನಬಹುದಿತ್ತು. ಆದರೆ ನನ್ನ ಕಾಲಿಗೂ ಒಂದು ಕಂಡೆನ್ಸರು ಬೇಕಲ್ಲ!

ಈ ನಡುವೆ ಹೊಸ ಫ್ಯಾನು ಮೊಂಡಾಟ ಹೂಡಿತು. ಸ್ವಿಚ್ಚು ಹಾಕಿದರೆ ಆಚೀಚೆ ಒಮ್ಮೆ ಅಲುಗುತ್ತದೆ, ನಡುಗುತ್ತದೆ, ನಿಲ್ಲುತ್ತದೆ. ತುಸು ಹೊತ್ತಿಗೆ ಮತ್ತೆ ಅದೇ. ವಿಚಿತ್ರವೆಂದರೆ ಶರಣಮ್ಮ ಒಬ್ಬಳೇ ಇದ್ದಾಗ ಚೆನ್ನಾಗಿ ತಿರುಗುತ್ತದೆಯಂತೆ; ನಾನು ಕೋಣೆಯಲ್ಲಿದ್ದರೆ ಮಾತ್ರ ಈ ಹಟ. "ನಿಮ್ಮ ಮುಖ ನೋಡಿ ಹೆದರತೈತಿ, ಪಾಪ" ಅಂದಳು.

ವಿಜ್ಞಾನದ ಮೇಷ್ಟ್ರು ಇಂಥ ಮಾತನ್ನು ಒಪ್ಪಲಾದೀತೇ? ಮೊಬೈಲು ಹಿಡಿದು ಎರಡು ದಿನ ಓದಿದೆ. ನನಗೆ ತಿಳಿದದ್ದನ್ನು ನಿಮಗೂ ಹೇಳುತ್ತೇನೆ, ಹಳೆಯ ಚಟ. ಮೇಕೆಯನ್ನು ಎಳೆದರೆ ಬರುವುದಿಲ್ಲ, ಮೂತಿಯ ಮುಂದೆ ಹಸಿರು ತೊಪ್ಪಲು ಹಿಡಿದರೆ ಬರುತ್ತದೆ. ಬಾಯಿ ಹಾಕುವಷ್ಟರಲ್ಲಿ ತೊಪ್ಪಲನ್ನು ಇನ್ನಷ್ಟು ಮುಂದಕ್ಕೆ ಸರಿಸಬೇಕು. ಈ ಮೋಟಾರಿನಲ್ಲಿ ಸುತ್ತುವ ಅಯಸ್ಕಾಂತವೇ ಮೇಕೆ. ಸುತ್ತ ಇರುವ ಮೂರು ಗುಂಪಿನ ಸುರುಳಿಗಳಿಗೆ ಸರದಿಯಂತೆ ಕರೆಂಟು ಕೊಡುವುದೇ ತೊಪ್ಪಲು ಸರಿಸುವುದು. ಹಳೆಯ ಡಿಸಿ ಮೋಟಾರಿನಲ್ಲಿ ಈ ಸರದಿಯನ್ನು ಬ್ರಶ್ಶು ಉಜ್ಜಿಕೊಂಡು, ಕಿಡಿ ಹಾರಿಸಿಕೊಂಡು ನೋಡಿಕೊಳ್ಳುತ್ತಿತ್ತು. ಇಲ್ಲಿ ಆ ಕೆಲಸ ಒಂದು ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನದು. ಆದರೆ ತೊಪ್ಪಲು ಹಿಡಿದವನಿಗೆ ಮೇಕೆ ಎಲ್ಲಿದೆ ಎಂದು ತಿಳಿಯಬೇಕಲ್ಲ? ನನಗೆ ಬಹಳ ಇಷ್ಟವಾದದ್ದು ಇದು: ಯಾವ ಹೊತ್ತಿನಲ್ಲೂ ಎರಡು ಸುರುಳಿಗಳು ದುಡಿಯುತ್ತಿದ್ದರೆ ಮೂರನೆಯದು ಸುಮ್ಮನಿರುತ್ತದೆ. ಅಯಸ್ಕಾಂತ ಹಾದುಹೋಗುವಾಗ ಆ ಸುಮ್ಮನಿರುವ ಸುರುಳಿಯಲ್ಲಿ ಸಣ್ಣ ವೋಲ್ಟೇಜು ಹುಟ್ಟುತ್ತದೆ. ಬೋರ್ಡು ಅದನ್ನು ಕೇಳಿಸಿಕೊಂಡೇ ಮುಂದಿನ ಸರದಿ ನಿರ್ಧರಿಸುತ್ತದೆ.

ಇಷ್ಟು ಪಾಂಡಿತ್ಯ ಬಂದರೂ ಫ್ಯಾನು ತಿರುಗಲಿಲ್ಲ. ಕೊನೆಗೆ ಈರಣ್ಣನ ಅಂಗಡಿಗೆ ಹೋದೆ. ಅವನು ತಲೆ ಬಗ್ಗಿಸಿ, ಒಂದು ಕೈಯಲ್ಲಿ ಹಿಡಿಕೆ ತಿರುವುತ್ತ, ಇನ್ನೊಂದು ಕೈಯಲ್ಲಿ ತಾಮ್ರದ ತಂತಿ ಬಿಡುತ್ತ ಕೂತಿದ್ದ. "ಈರಣ್ಣ, ಹೊಸಾ ಫ್ಯಾನು ಯಾಕೋ ಸರಿ ಇಲ್ಲಪಾ" ಎಂದೆ. ಅವನು ಹಿಡಿಕೆ ತಿರುವುತ್ತಲೇ ಇದ್ದ. ತಲೆಯನ್ನೂ ಎತ್ತಲಿಲ್ಲ. ಇನ್ನೂ ಸಿಟ್ಟಿದೆ ಎಂದುಕೊಂಡು, ಹತ್ತು ಉಸಿರು ನಿಂತು, ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದೆ.

ಮರುದಿನ ಮಧ್ಯಾಹ್ನ ಅವನೇ ಬಾಗಿಲಲ್ಲಿದ್ದ.

"ನಿನ್ನೆ ಸುತ್ತು ಎಣಸಾಕತ್ತಿದ್ದೆ ಸಾರ್. ನಡುವ ಮಾತಾಡಿದ್ರ ಲೆಕ್ಕ ತಪ್ಪತೈತಿ. ಮುಗಿಸಿ ತಲಿ ಎತ್ತಿದ್ರ ನೀವ ಇಲ್ಲ."

ಶರಣಮ್ಮ ಚಹಕ್ಕಿಟ್ಟಳು. "ಪರವಾಲೇದಮ್ಮ, ಚಾ ಏನೂ ಬ್ಯಾಡ. ಅಂಗಡಿ ಬಿಟ್ಟು ಬಂದೀನಿ" ಎಂದ. ಕುರ್ಚಿ ತೋರಿಸಿದರೆ ಕೂಡಲಿಲ್ಲ. ಕೆಲಸಕ್ಕಷ್ಟೇ ಬಂದಿದ್ದಾನೆ ಎಂದು ತಿಳಿಯಿತು. "ಹಾಕ್ರಿ ಸಾರ್, ನೋಡೋಣ."

ನಾನು ಸ್ವಿಚ್ಚು ಹಾಕಿದೆ. ಫ್ಯಾನು ಆಚೀಚೆ ಅಲುಗಿತು. ಅಷ್ಟೇ. ಈರಣ್ಣ ಫ್ಯಾನನ್ನು ನೋಡಲೇ ಇಲ್ಲ, ನನ್ನನ್ನೇ ನೋಡುತ್ತಿದ್ದ.

"ಸಾರ್, ಕೈಯಾಗೇನೈತಿ?"

ನೋಡಿಕೊಂಡೆ. ಕೋಲು! ಯಾವಾಗ ಎತ್ತಿಕೊಂಡೆನೋ ನನಗೇ ಗೊತ್ತಿಲ್ಲ. ಬನಿಯನ್ನಿನ ತುದಿ ರೆಕ್ಕೆಯ ಮೇಲೆಯೇ ಇತ್ತು. ಮೂವತ್ತು ವರ್ಷ ಫ್ಯಾನು ಗುಂಯ್ ಅಂದ ಕೂಡಲೇ ಎದ್ದ ಕೈ, ಹೊಸ ಫ್ಯಾನಿಗೂ ಹಾಗೆಯೇ ಏಳುತ್ತಿತ್ತು.

"ಇದು ನಿಂತಾಗ ಅದಕ್ಕ ತಾನು ಎಲ್ಲಿದೀನಿ ಅಂತ ಗೊತ್ತಿರಂಗಿಲ್ರಿ. ಒಂದೀಟು ಅಲುಗಾಡಿ ಜಾಗ ನೋಡ್ಕೋತೈತಿ, ಆಮ್ಯಾಲ ಹೊಂಡತೈತಿ. ಅದು ನೋಡ್ಕಣೋ ಟೈಮಿಗೇ ನೀವು ತಳ್ಳಿದ್ರ ಅದಕ್ಕ ದಿಕ್ಕ ತಪ್ಪತೈತಿ, ಹೆದರಿ ನಿಂತು ಬಿಡತೈತಿ. ಕೋಲು ಕೆಳಗಿಡ್ರಿ. ಈಗ ಹಾಕ್ರಿ."

ಕೋಲನ್ನು ಗೋಡೆಗೆ ಒರಗಿಸಿ, ಸ್ವಿಚ್ಚು ಹಾಕಿ, ಕೈ ಬೆನ್ನ ಹಿಂದೆ ಕಟ್ಟಿ ನಿಂತೆ. ಒಂದು. ಫ್ಯಾನು ಅಲುಗಿತು. ಎರಡು. ಅಂಗೈ ತುರಿಸಿತು. ಮೂರು. ಸದ್ದಿಲ್ಲದೆ ಹೊರಟಿತು, ಗೋಡೆಯ ಕ್ಯಾಲೆಂಡರಿನ ಹಾಳೆ ಎದ್ದು ಬಿತ್ತು. ಶರಣಮ್ಮ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟು ನಗುವುದು ನನಗೆ ಕೇಳಿಸಿತು. ಮೂರನೆಯ ಸುರುಳಿ ಸುಮ್ಮನಿರುತ್ತದೆ ಎಂದು ಮೆಚ್ಚಿ ಓದಿದವನು ನಾನೇ, ಸುಮ್ಮನಿರಲಾರದೆ ಕೋಲು ಹಿಡಿದವನೂ ನಾನೇ.

"ಇದರಾಗೂ ಸುತ್ತಿದ ತಂತಿ ಐತ್ರಿ ಸಾರ್. ಅವತ್ತು ಅಂಗಡ್ಯಾಗ ಅದನ್ನ ಹೇಳಾಕಂತ ಬಾಯಿ ತೆಗದಿದ್ದೆ" ಎಂದು ಚಪ್ಪಲಿ ಮೆಟ್ಟುತ್ತ ಈರಣ್ಣ ನಿಂತ. ಆಮೇಲೆ ನೆಲ ನೋಡುತ್ತ ಹೇಳಿದ: "ಹತ್ತನೇ ಕ್ಲಾಸಿನಾಗೂ ಹಿಂಗಾ ಆಗಿತ್ತು. ಮೋಟಾರಿನಾಗ ಬ್ರಶ್ ಇಲ್ಲಂದ್ರ ಏನಾಗತೈತಿ ಅಂತ ಕೇಳಿದ್ರಿ. ನಾನು ಎದ್ದು ನಿಂತಿದ್ದೆ. ಬಾಯಿ ಬಿಡೂದ್ರಾಗ 'ಕೂಡು' ಅಂದು ಹಿಂದಿನ ಬೆಂಚಿಗೆ ಹೋದ್ರಿ."

ನನಗೆ ನೆನಪೇ ಇಲ್ಲ. ಹಿಂದಿನ ಬೆಂಚು ಏನು ಹೇಳಿರುತ್ತದೆಂದು ಮಾತ್ರ ಗೊತ್ತು: ಅರ್ಧ ಸುತ್ತಿಗೆ ನಿಲ್ಲುತ್ತದೆ ಸಾರ್. ಪುಸ್ತಕದ ಉತ್ತರ. ನಾನು ಶಹಬ್ಬಾಸ್ ಅಂದಿರುತ್ತೇನೆ. ಎಷ್ಟು ಮಕ್ಕಳನ್ನು ಹೀಗೆ ಅಲುಗುವ ಹೊತ್ತಿಗೇ ತಳ್ಳಿ ನಿಲ್ಲಿಸಿದೆನೋ ಎಂದು ನಾಚಿಕೆಯಾಯಿತು, ಮುಚ್ಚಿಟ್ಟು ಫಲವಿಲ್ಲ.

"ಈಗ ಹೇಳು ಈರಣ್ಣ. ಬ್ರಶ್ ಇಲ್ಲಂದ್ರ ಏನಾಗತೈತಿ?"

ಹೊಸಿಲಿನ ಮೇಲೆ ಅವನು ಬಾಯಿ ತೆರೆದ, ಮುಚ್ಚಿದ. ನಾನು ಒಂದು ಎಣಿಸಿದೆ. ಎರಡು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು, ತುಟಿ ಬಿಗಿಹಿಡಿದೆ. ಮೂರು.

"ಹೊರಗಿಂದ ಯಾರರ ಸರಿಯಾದ ಟೈಮಿಗೆ ಕರೆಂಟು ಬದಲಿ ಮಾಡಬೇಕ್ರಿ ಸಾರ್" ಎಂದ. "ಮಾಡಿದ್ರ ತಿರುಗತೈತಿ."

ಎಂಥ ಉತ್ತರ! ನಮ್ಮ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ಈ ಹುಡುಗ ಹತ್ತನೇ ಕ್ಲಾಸಿನಲ್ಲೇ ಮನಸ್ಸಿನಲ್ಲಿ ಕಟ್ಟಿಟ್ಟಿದ್ದ.

"ಕರೆಕ್ಟ್" ಎಂದೆ. "ಅವತ್ತಿಂದೂ ತಪ್ಪಾತು, ಮೊನ್ನೆ ಅಂಗಡ್ಯಾಗ ಅಂದಿದ್ದೂ ತಪ್ಪಾತು. ಕೂಡಪಾ."

ಈರಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದು, ಫ್ಯಾನಿನ ನೇರ ಕೆಳಗೆ ಕೂತ. ಬೇಡ ಎಂದಿದ್ದರೂ ಶರಣಮ್ಮ ತಂದ ತಟ್ಟೆಯಲ್ಲಿ ಮೂರು ಕಪ್ಪು ಚಾ ಇದ್ದವು.