ಸಾಯುವವರನ್ನು ಸಾಗಿಸಬೇಡಿ ಎಂದ ಬುಸಬಾ

ಆಸ್ಪತ್ರೆಯ ಆಡಳಿತವೆಂದರೆ ಹಾಸಿಗೆ, ಔಷಧ, ಸಂಬಳಗಳ ಉಸ್ತುವಾರಿಯಷ್ಟೇ ಎಂದು ತಿಳಿದಿದ್ದ ಯೋಮ್ ನದಿ ದಂಡೆಯ ನಮ್ಮ ಊರಿಗೆ, ಅದು ನೀತಿಯ ಪ್ರಶ್ನೆಯೂ ಹೌದೆಂದು ತೋರಿಸಿಕೊಟ್ಟವರು ಶ್ರೀಮತಿ ಬುಸಬಾ ಅವರು. ದಾದಿಯಾಗಿ ಸೇರಿ ಉಪ ನಿರ್ದೇಶಕಿಯಾಗಿ ನಿವೃತ್ತರಾಗುತ್ತಿರುವ ಅವರ ಮುಖದಲ್ಲಿಂದು ಸಂತೋಷಕ್ಕಿಂತ ದಣಿವೇ ಹೆಚ್ಚು. ಅದನ್ನು ಮುಚ್ಚಿಡುವುದು ಅವರಿಗೂ ಇಷ್ಟವಿಲ್ಲ.

ಮೇಲ್ವಿಚಾರಕಿಯಾಗಿದ್ದಾಗ ಬಾಣಂತಿ ದಾದಿಯರ ಪಾಳಿಯನ್ನು ತಾವೇ ವಹಿಸಿಕೊಂಡು, ಅವರ ಮನೆಗೆ ಶುಂಠಿ ಹಾಕಿದ ಕೋಳಿಸಾರು ಕಳಿಸುತ್ತಿದ್ದರು. ಆ ಸಾರುಂಡವರಲ್ಲಿ ಜಂತ್ರಾ ಒಬ್ಬಳು.

ಉಪ ನಿರ್ದೇಶಕಿಯಾದ ಹೊಸತರಲ್ಲಿ, ಸಾವು ಕಡಿಮೆಯಿರುವ ವಾರ್ಡಿಗೆ ಹೊಸವರ್ಷದ ಸೊಂಗ್‌ಕ್ರಾನ್ ಹಬ್ಬದ ಬೋನಸ್ ಎಂಬ ನಿಯಮ ತಂದವರು ಬುಸಬಾ ಅವರೇ. ಆರೈಕೆ ಸುಧಾರಿಸಲೆಂಬ ಸದಾಶಯ. ಮೊದಮೊದಲು ಸುಧಾರಿಸಿತು ಕೂಡ. ಆಮೇಲೊಂದು ವರ್ಷ, ಹಬ್ಬದ ಹಿಂದಿನ ಮಧ್ಯಾಹ್ನ, ಆಂಬುಲೆನ್ಸಿನ ಬಾಗಿಲಲ್ಲಿ ಸ್ಟ್ರೆಚರ್ ಕಂಡು ಅವರು ನಿಂತರು. ಬಟ್ಟೆಗೆ ನೀಲಿ ಬಣ್ಣ ಹಾಕುತ್ತಿದ್ದ ಮುದುಕ ಕೇವ್ ಅದರ ಮೇಲೆ ಕೊನೆಯುಸಿರು ಎಳೆಯುತ್ತಿದ್ದ. ಪಕ್ಕದಲ್ಲಿ ಅವನ ಮಗಳು, ಸ್ಟ್ರೆಚರ್ ಹಿಡಿದುಕೊಂಡು ಜಂತ್ರಾ.

"ಎಲ್ಲಿಗೆ ಕಳಿಸ್ತಿದ್ದೀಯ ಇವರನ್ನ?"

"ದೊಡ್ಡಾಸ್ಪತ್ರೆಗೆ, ಅಕ್ಕ," ಎಂದಳು ಜಂತ್ರಾ.

"ಅಲ್ಲೇನು ಮಾಡ್ತಾರೆ?"

"ಏನೂ ಮಾಡಲ್ಲ. ಇಲ್ಲಿ ಸತ್ರೆ ನಮ್ಮ ಲೆಕ್ಕಕ್ಕೆ ಬರುತ್ತೆ, ದಾರೀಲಿ ಸತ್ರೆ ಬರಲ್ಲ. ನಿಯಮ ಮಾಡಿದ್ದು ನೀವೇ ಅಲ್ವಾ?"

ಎಷ್ಟು ಮಂದಿಯನ್ನು ಹೀಗೆ ಸಾಗಿಸಿದ್ದಾರೋ ಎಂದು ಕೇಳುವ ಧೈರ್ಯ ಬುಸಬಾ ಅವರಿಗೆ ಬರಲಿಲ್ಲ.

"ಒಳಗೆ ತಿರುಗಿಸಿ," ಎಂದರು.

"ಹಬ್ಬಕ್ಕೆ ನಮ್ಮ ಮಕ್ಕಳಿಗೆ ಏನು ಹೇಳೋಣ?"

"ನನ್ನ ಹೆಸರು ಹೇಳಿ ಬಯ್ಯಿರಿ."

ಸ್ಟ್ರೆಚರನ್ನು ಅವರೇ ತಳ್ಳಿದರು. ಸಂಜೆ ಮುದುಕ ಮಗಳ ಕೈಹಿಡಿದೇ ಕಣ್ಮುಚ್ಚಿದ. ವಾರ್ಡಿನ ಬೋನಸ್ ಹೋಯಿತು. ಆ ಹಬ್ಬದಲ್ಲಿ, ವಾಡಿಕೆಯಂತೆ ಆಶೀರ್ವಾದ ಬೇಡಿ ಹಿರಿಯರ ಕೈಗೆ ಪನ್ನೀರು ಎರೆಯುವಾಗ ಬುಸಬಾ ಅವರ ಮುಂದೆ ಯಾರೂ ಬರಲಿಲ್ಲ.

ತಾವೇ ತಂದ ನಿಯಮವನ್ನು ತೆಗೆಸಲು ಅವರು ವರ್ಷಗಟ್ಟಲೆ ಸಭೆಗಳಲ್ಲಿ ಗಂಟಲು ಹರಿದುಕೊಂಡರು. ಅಂಕಿಅಂಶ ಚೆನ್ನಾಗಿದ್ದ ಆಸ್ಪತ್ರೆಗೆ ಆ ಬದಲಾವಣೆ ಬೇಕಿರಲಿಲ್ಲ. ಕೈಗೆ ಬಂದಿದ್ದ ನಿರ್ದೇಶಕಿಯ ಹುದ್ದೆ ಬೇರೆಯವರ ಪಾಲಾಯಿತು. ಕಡೆಗೆ, ಮೊನ್ನೆ ಮೊನ್ನೆ, ನಿಯಮ ಬದಲಾಯಿತು: ಈಗ ಬೋನಸ್ಸಿಗೆ ಸಾವನ್ನಲ್ಲ, ರೋಗಿಗಳ ನೋವು ಇಳಿಸಿದ್ದನ್ನು ಎಣಿಸುತ್ತಾರೆ.

ಬೀಳ್ಕೊಡುಗೆಯ ಊಟದಲ್ಲಿ ಜಂತ್ರಾ ಕೇಳಿದಳು: "ಈಗಾದ್ರೂ ಸಮಾಧಾನವಾ ಅಕ್ಕ?"

"ಎಲ್ಲಿಯ ಸಮಾಧಾನ! ನೋವು ಅಂದವರನ್ನ ಸುಮ್ಮನಿರು ಅಂತ ಗದರಿಸಿದ್ರೂ ಲೆಕ್ಕದಲ್ಲಿ ನೋವು ಇಳೀತದೆ. ದಿನಾ ಹಾಸಿಗೆ ಹತ್ರ ಹೋಗಿ ಕೇಳ್ತಿರು ನೀನು. ನನ್ನ ಕೈಲಿ ಇನ್ನಾಗಲ್ಲ."

ಅವರ ದಣಿವು ಆರಲಿ, ಆಯುಸ್ಸು ಬೆಳೆಯಲಿ. ಆಗಾಗ ವಾರ್ಡಿಗೆ ಬಂದು, ಹಿಂದಿನಂತೆಯೇ ದಾದಿಯರಾದ ನಮ್ಮನ್ನು ನಿಲ್ಲಿಸಿ, "ಎಲ್ಲಿಗೆ ಕಳಿಸ್ತಿದ್ದೀರಿ?" ಎಂದು ಕೇಳುತ್ತಿರಲಿ. ಅಂದಿನಂಥ ಉತ್ತರ ಕೊಡಲು ನಾವು ಹೆದರುವಂತಿರಲಿ.